ಗ್ಯಾಲಕ್ಸಿಯ ನಡುಮನೆ: ನಕ್ಷತ್ರ ಮತ್ತು ಅನಿಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶ ನೋಡುವ ರಾತ್ರಿಗಳಲ್ಲಿ, ಉಪನ್ಯಾಸ ಮುಗಿದ ಮೇಲಿನ ಕಾಫಿ ಹೊತ್ತಲ್ಲಿ, ಆಮೇಲೆ ಬರುವ ಪತ್ರಗಳಲ್ಲಿ ನಮ್ಮ ಮತ್ತು ಹತ್ತಿರದ ಗ್ಯಾಲಕ್ಸಿಗಳ ನಡುಭಾಗದ ಬಗ್ಗೆ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವುದು ಕೊನೆಗೆ.

## ಶುರು ಮಾಡುವವರಿಗೆ

ಗ್ಯಾಲಕ್ಸಿಯ ನಡುಭಾಗ ಅಂತೀರಲ್ಲ, ಅದೇನು ಒಂದು ಚುಕ್ಕೆನಾ? ಎಷ್ಟು ದೊಡ್ಡದು?

ನಮ್ಮ ಆಕಾಶಗಂಗೆಯ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ ಇದೆ. ನಡುಭಾಗ ಅಂದಾಗ ಸಾಮಾನ್ಯವಾಗಿ ಒಳಗಿನ ಕೆಲವು ಸಾವಿರ ಜ್ಯೋತಿರ್ವರ್ಷದ ಜಾಗ ಅಂತ ಲೆಕ್ಕ. ಹಳೇ ತೊಟ್ಟಿಮನೆಯ ನಡುಮನೆ ಇದ್ದ ಹಾಗೆ. ಅದರೊಳಗೆ ಇನ್ನೂ ಒಂದು ಸಣ್ಣ ಕೋಣೆ ಇದೆ, ಕೆಲವೇ ಜ್ಯೋತಿರ್ವರ್ಷದ್ದು. ಅಲ್ಲಿ ಬೆಳಕನ್ನೂ ಹೊರಬಿಡದ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸೆಳೆತದ್ದೇ ಯಜಮಾನಿಕೆ. ಯಾರಾದರೂ "ಕೇಂದ್ರ" ಅಂದರೆ ಈ ಎರಡರಲ್ಲಿ ಯಾವುದು ಅಂತ ಒಮ್ಮೆ ಕೇಳಿಬಿಡಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ನಕ್ಷತ್ರ ನೋಡಿದರೆ ಸಾಲದಾ? ಅನಿಲ ಯಾಕೆ ಬೇಕು?

ಎರಡೂ ಒಂದೇ ಮನೆಯಲ್ಲಿದ್ದರೂ ಸ್ವಭಾವ ಪೂರ್ತಿ ಬೇರೆ. ಸೂರ್ಯನನ್ನು ಒಂದು ಸಾಸಿವೆ ಕಾಳು ಅಂದುಕೊಳ್ಳಿ. ಹತ್ತಿರದ ಇನ್ನೊಂದು ಕಾಳು ಸುಮಾರು 58 ಕಿಲೋಮೀಟರ್ ದೂರದಲ್ಲಿರುತ್ತದೆ. ಬೆಂಗಳೂರಲ್ಲಿ ಒಂದು, ಹೆಚ್ಚುಕಡಿಮೆ ಚನ್ನಪಟ್ಟಣದಲ್ಲಿ ಇನ್ನೊಂದು. ಗ್ಯಾಲಕ್ಸಿಯ ನಡುವಲ್ಲಿ ಸಂದಣಿ ತುಂಬಾ ಜಾಸ್ತಿ. ಆದರೂ ಕಾಳಿಗೆ ಕಾಳು ಬಡಿಯುವುದು ಬಲು ಅಪರೂಪ. ಹಾಗಾಗಿ ನಕ್ಷತ್ರಗಳು ಗುರುತ್ವದ ಮಾತನ್ನು ಮಾತ್ರ ಕೇಳುತ್ತವೆ. ನೂರಾರು ಕೋಟಿ ವರ್ಷದ ಹಿಂದಿನ ಓಡಾಟದ ಗುರುತು ಅವುಗಳಲ್ಲಿ ಇನ್ನೂ ಉಳಿದಿರುತ್ತದೆ.

ಅನಿಲ ಹಾಗಲ್ಲ. ಅದು ಡಿಕ್ಕಿ ಹೊಡೆಯುತ್ತದೆ, ಬಿಸಿಯಾಗುತ್ತದೆ, ತಣ್ಣಗಾಗುತ್ತದೆ. ಯಾರು ತಳ್ಳಿದರೂ ಸರಿಯುತ್ತದೆ. ಇವತ್ತು ಅಲ್ಲಿ ಏನು ನಡೀತಿದೆ ಅಂತ ಹೇಳುವುದು ಅದೇ. ನಕ್ಷತ್ರ ಮನೆಯ ಹಿರಿಯರಿದ್ದ ಹಾಗೆ, ಅನಿಲ ಆಗಷ್ಟೇ ಬೀದಿ ಸುತ್ತಿ ಬಂದ ಹುಡುಗ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು. ಅವರ ಮಾತು ತಾಳೆಯಾಗದಿದ್ದಾಗ ನನಗಂತೂ ಖುಷಿ ಜಾಸ್ತಿ.

ಲಕ್ಷಗಟ್ಟಲೆ ಜ್ಯೋತಿರ್ವರ್ಷ ಅಂತೀರಿ, ಮತ್ತೆ "ಹತ್ತಿರ" ಅಂತೀರಿ. ಇದೆಂಥ ಹತ್ತಿರ?

ನಗುವಂಥದ್ದೇ. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ. ಎಂ87 ಅನ್ನುವ ಗ್ಯಾಲಕ್ಸಿ ಸುಮಾರು 5.5 ಕೋಟಿ. ಇಲ್ಲಿ ಹತ್ತಿರ ಅಂದರೆ ಒಳಗಿನ ವಿವರ ಬಿಡಿಸಿ ನೋಡಲು ಆಗುವಷ್ಟು ಹತ್ತಿರ ಅಂತ ಅರ್ಥ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ನಮ್ಮ ಗಾಳಿಯ ಅಲುಗಾಟದಿಂದ ನೆಲದ ಮೇಲಿನ ಟೆಲಿಸ್ಕೋಪಿನ ಚಿತ್ರ ಹೆಚ್ಚುಕಡಿಮೆ ಅಷ್ಟು ಮಸುಕಾಗುತ್ತದೆ. ಆಂಡ್ರೊಮಿಡಾದಲ್ಲಿ ಆ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 12 ಜ್ಯೋತಿರ್ವರ್ಷ. ಎಂ87ರಲ್ಲಿ ಸುಮಾರು 270. ಅದಕ್ಕೇ ಹಬಲ್ ಟೆಲಿಸ್ಕೋಪನ್ನು ಗಾಳಿಯ ಆಚೆ ಕಳಿಸಿದ್ದು, ಚಿಲಿಯ ಟೆಲಿಸ್ಕೋಪುಗಳು ಲೇಸರ್ ಬಿಟ್ಟು ಗಾಳಿಯ ಅಲುಗಾಟ ಅಳೆದು ಕನ್ನಡಿಯನ್ನೇ ಕ್ಷಣಕ್ಷಣಕ್ಕೂ ಬಗ್ಗಿಸುವುದು.

ನಮ್ಮದೇ ಆಕಾಶಗಂಗೆ ಇದೆಯಲ್ಲ, ಪಕ್ಕದ ಮನೆ ಯಾಕೆ ಇಣುಕಬೇಕು?

ನಮ್ಮ ಕೇಂದ್ರ ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿದೆ, ಧನು ರಾಶಿಯ ಕಡೆ. ತೊಂದರೆ ಏನಂದರೆ ನಾವು ತಟ್ಟೆಯ ಒಳಗೇ ಕೂತಿದ್ದೇವೆ. ಮಧ್ಯೆ ಬರೀ ದೂಳು. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಮ್ಮನ್ನು ಮುಟ್ಟುತ್ತದೆ. ಅತಿಗೆಂಪಿನಲ್ಲಿ ನೋಡಿದರೆ ದೂಳು ತೆಳುವಾಗುತ್ತದೆ. ಎಸ್2 ಅನ್ನುವ ನಕ್ಷತ್ರ 16 ವರ್ಷಕ್ಕೊಮ್ಮೆ ಕೇಂದ್ರವನ್ನು ಸುತ್ತುವುದನ್ನು ಹಾಗೇ ಹಿಂಬಾಲಿಸಿದರು. ಅಲ್ಲಿನ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ಭಾರ. ಆ ಕೆಲಸಕ್ಕೆ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇಷ್ಟು ಹತ್ತಿರದಿಂದ ಬೇರೆ ಯಾವ ಕೇಂದ್ರವೂ ಕಾಣುವುದಿಲ್ಲ, ಒಪ್ಪಿದೆ. ಆದರೆ ಇದು ಒಂದೇ ಮನೆ, ಅದೂ ಈಗ ಮಲಗಿರುವ ಮನೆ. ಎದ್ದು ಕೂತು ಗಲಾಟೆ ಮಾಡುವ ಮನೆ ನೋಡಬೇಕಾದರೆ ಹೊರಗೆ ಹೋಗಲೇಬೇಕು.

ನಮ್ಮೂರಿಂದ ಇವೆಲ್ಲ ಕಾಣುತ್ತಾ?

ಕಾಣುತ್ತವೆ, ಊರ ದೀಪದಿಂದ ದೂರ ಹೋದರೆ. ನವೆಂಬರ್ ಮಧ್ಯದ ರಾತ್ರಿ 9ರ ಹೊತ್ತಿಗೆ ಆಂಡ್ರೊಮಿಡಾ ಉತ್ತರಕ್ಕೆ ತುಸು ವಾಲಿ ಎತ್ತರದಲ್ಲಿರುತ್ತದೆ. ಬರಿಗಣ್ಣಿಗೆ ಕಾಣುವ ಆ ಬೆಳ್ಳನೆ ಮಸುಕು ಮುಖ್ಯವಾಗಿ ಅದರ ನಡುಭಾಗವೇ. ಮೇ ತಿಂಗಳಲ್ಲಿ ದಕ್ಷಿಣಕ್ಕೆ ಸೆಂಟಾರಸ್ ಎ ಅನ್ನುವ ಗ್ಯಾಲಕ್ಸಿ ಸಿಗುತ್ತದೆ. ಸಣ್ಣ ಟೆಲಿಸ್ಕೋಪ್ ಇದ್ದರೆ ಅದರ ಸೊಂಟಕ್ಕೆ ಕಟ್ಟಿದ ದೂಳಿನ ಪಟ್ಟಿಯೂ ಕಂಡೀತು. ಯುರೋಪಿನ ಬಹುಪಾಲು ಜನರಿಗೆ ಇದು ಸಿಗುವುದೇ ಇಲ್ಲ.

ಎಂ87ರದ್ದು ಇನ್ನೊಂದು ಮಜಾ. ಮೇ ಮೊದಲ ವಾರ, ರಾತ್ರಿ ಹತ್ತು ದಾಟಿದ ಮೇಲೆ ಅದು ಹೆಚ್ಚುಕಡಿಮೆ ಮೈಸೂರಿನ ನೆತ್ತಿಯ ಮೇಲೇ ಹಾದುಹೋಗುತ್ತದೆ. ಚಿತ್ರ ತೆಗೆಸಿಕೊಂಡ ಮೊದಲ ಕಪ್ಪುಕುಳಿ ನಿಮ್ಮ ತಲೆಯ ಮೇಲಿರುವಾಗ ನೀವು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಮಲಗಿರುತ್ತೀರಿ.

## ಬೆಳಕನ್ನು ಓದುವುದು

ಒಳ್ಳೇ ಫೋಟೋ ತೆಗೆದರೆ ಮುಗೀತಲ್ವಾ? ರೋಹಿತ ಯಾಕೆ ಬೇಕು?

ಫೋಟೋ ಆಕಾರ ಹೇಳುತ್ತದೆ, ಓಡಾಟ ಹೇಳುವುದಿಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹರಡಿದರೆ ರೋಹಿತ. ಅದರಲ್ಲಿ ಗೆರೆಗಳಿರುತ್ತವೆ. ವಸ್ತು ನಮ್ಮ ಕಡೆ ಬರುತ್ತಿದ್ದರೆ ಗೆರೆ ನೀಲಿಯ ಕಡೆ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆ. 1912ರಲ್ಲಿ ಅಮೆರಿಕದ ಅರಿಜೋನಾದಲ್ಲಿ ವೆಸ್ಟೊ ಸ್ಲೈಫರ್ ಹೀಗೇ ಆಂಡ್ರೊಮಿಡಾದ ವೇಗ ಅಳೆದರು. ಸೆಕೆಂಡಿಗೆ 300 ಕಿಲೋಮೀಟರ್, ಅದೂ ನಮ್ಮ ಕಡೆಗೆ.

ನನಗೆ ಇನ್ನೂ ಇಷ್ಟವಾದದ್ದು ಅವರ 1914ರ ಕೆಲಸ. ಸೊಂಬ್ರೆರೊ ಗ್ಯಾಲಕ್ಸಿಯ ಉದ್ದಕ್ಕೂ, ಬೆಳಕನ್ನು ಒಳಬಿಡುವ ಕಿರಿದಾದ ಸೀಳುಗಂಡಿ ಇಟ್ಟಾಗ ಗೆರೆ ನೆಟ್ಟಗೆ ಬರಲಿಲ್ಲ, ವಾಲಿಕೊಂಡು ಬಂತು. ಒಂದು ತುದಿ ನೀಲಿಯ ಕಡೆ, ಇನ್ನೊಂದು ತುದಿ ಕೆಂಪಿನ ಕಡೆ. ಒಂದು ಬದಿ ಬರ್ತಾ ಇದೆ, ಇನ್ನೊಂದು ಬದಿ ಹೋಗ್ತಾ ಇದೆ. ಅಂದರೆ ಇಡೀ ಗ್ಯಾಲಕ್ಸಿ ತಿರುಗುತ್ತಿದೆ. ಒಂದು ವಾಲಿದ ಗೆರೆಯಿಂದ ಅಷ್ಟೂ ಗೊತ್ತಾಯಿತು.

ಆಗಿನ ಕಷ್ಟವನ್ನೂ ನೆನೆಯಬೇಕು. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಫ್ರಾನ್ಸಿಸ್ ಪೀಸ್ ಆಂಡ್ರೊಮಿಡಾದ ನಡುಭಾಗದ ಒಂದೇ ಒಂದು ರೋಹಿತಕ್ಕೆ, ರಾತ್ರಿ ಮೇಲೆ ರಾತ್ರಿ ಕೂತು, ಒಟ್ಟು 80 ಗಂಟೆಯಷ್ಟು ಬೆಳಕು ಹಿಡಿದರು. ನಾವು ಈಗ ಒಂದು ಗಂಟೆ ಮೋಡ ಬಂದರೆ ಮುಖ ಊದಿಸಿಕೊಳ್ಳುತ್ತೇವೆ.

ಒಂದೇ ಬೆಳಕಲ್ಲಿ ನಕ್ಷತ್ರದ್ದು ಯಾವುದು, ಅನಿಲದ್ದು ಯಾವುದು ಅಂತ ಹೇಗೆ ಬೇರೆ ಮಾಡ್ತೀರಿ?

ಗೆರೆ ಕಪ್ಪಾ, ಬೆಳ್ಳಗಾ ಅಂತ ನೋಡಿ. ನಕ್ಷತ್ರದ ಹೊರಪದರ ಒಳಗಿನ ಬೆಳಕಿನಿಂದ ಕೆಲವು ಬಣ್ಣ ಕದಿಯುತ್ತದೆ, ಅಲ್ಲಿ ಕಪ್ಪು ಗೆರೆ ಬೀಳುತ್ತದೆ. ಕ್ಯಾಲ್ಸಿಯಂನ ಮೂರು ಗೆರೆ ಇದಕ್ಕೆ ಬಹಳ ಉಪಯೋಗಕ್ಕೆ ಬರುತ್ತವೆ. ಅವು ಕಡುಗೆಂಪಿನ ಆಚೆ, 850ರಿಂದ 866 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿವೆ. ಬಿಸಿ ಅನಿಲ ತಾನೇ ಹೊಳೆಯುತ್ತದೆ, ಹಾಗಾಗಿ ಅದರ ಗೆರೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಹೈಡ್ರೋಜನ್ನಿನ ಕೆಂಪು ಗೆರೆ 656.3 ನ್ಯಾನೊಮೀಟರ್, ಆಕ್ಸಿಜನ್ನಿನ ಹಸಿರು ಗೆರೆ 500.7.

ತಣ್ಣನೆಯ ಅನಿಲ ಕಣ್ಣಿಗೆ ಕಾಣದು, ಅದಕ್ಕೆ ರೇಡಿಯೊ ಬೇಕು. ಒಂಟಿ ಹೈಡ್ರೋಜನ್ ಪರಮಾಣು 21 ಸೆಂಟಿಮೀಟರಿನಲ್ಲಿ ಮಾತಾಡುತ್ತದೆ. ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿಯ 30 ಡಿಶ್‌ಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಆದರೆ ನಡುಭಾಗದ ದಟ್ಟ ಮೋಡದಲ್ಲಿ ಹೈಡ್ರೋಜನ್ ಜೋಡಿಜೋಡಿಯಾಗಿ ಅಣುವಾಗಿರುತ್ತದೆ, ತಣ್ಣಗಿದ್ದಾಗ ಬಾಯೇ ಬಿಡುವುದಿಲ್ಲ. ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್ 2.6 ಮಿಲಿಮೀಟರಿನಲ್ಲಿ ಅದರ ಪರವಾಗಿ ಹೇಳುತ್ತದೆ. ಚಿಲಿಯಲ್ಲಿ 5,000 ಮೀಟರ್ ಎತ್ತರದ ಒಣ ಬಯಲಿನಲ್ಲಿ ಆಲ್ಮಾದ 66 ಆಂಟೆನಾ ಇಂಥ ಗೆರೆಗಳಿಗಾಗಿಯೇ ಕಾದಿವೆ.

ಡೇಟಾ ಕ್ಯೂಬ್ ಅಂತ ಎಲ್ಲರೂ ಹೇಳ್ತಾರೆ. ಏನದು?

ಚಿರೋಟಿ ನೆನಪಿಸಿಕೊಳ್ಳಿ. ಪದರದ ಮೇಲೆ ಪದರ. ಒಂದೊಂದು ಪದರವೂ ಇಡೀ ಗ್ಯಾಲಕ್ಸಿಯ ಚಿತ್ರ, ಆದರೆ ಒಂದೇ ಒಂದು ಬಣ್ಣದಲ್ಲಿ. ಮೇಲಿಂದ ಕೆಳಗೆ ಒಂದು ಸೂಜಿ ಚುಚ್ಚಿದರೆ ಆ ಜಾಗದ ಪೂರ್ತಿ ರೋಹಿತ ಸಿಕ್ಕಿತು. ಚಿಲಿಯ ವಿಎಲ್‌ಟಿ ಟೆಲಿಸ್ಕೋಪಿನಲ್ಲಿ 2014ರಿಂದ ಇರುವ ಮ್ಯೂಸ್ ಅನ್ನುವ ಉಪಕರಣ ಒಂದೇ ಸಲಕ್ಕೆ ಇಂಥ 90,000 ಸೂಜಿ ಚುಚ್ಚುತ್ತದೆ. ಪದರ ಸುಮಾರು 3,700. ಸ್ಲೈಫರ್ ಒಂದು ಸೀಳುಗಂಡಿಯಲ್ಲಿ ಕಂಡ ವಾಲಿದ ಗೆರೆ ಈಗ ಇಡೀ ಮುಖದ ನಕ್ಷೆಯಾಗಿ ಬರುತ್ತದೆ.

## ಒಳಗಿನ ಸಂಗತಿ

ಕಪ್ಪುಕುಳಿ ಕಾಣೋದೇ ಇಲ್ಲ. ಮತ್ತೆ ತೂಕ ಹೇಗೆ ಹಾಕ್ತೀರಿ?

ಸುತ್ತುವವರನ್ನು ನೋಡಿ. ಎಷ್ಟು ಹತ್ತಿರ ಎಷ್ಟು ಜೋರಾಗಿ ಸುತ್ತುತ್ತಾರೆ ಅಂತ ಗೊತ್ತಾದರೆ ನಡುವಿನ ಭಾರ ಗೊತ್ತಾಗುತ್ತದೆ. ಒಂದು ಲೆಕ್ಕ ಕೈಯಲ್ಲೇ ಮಾಡೋಣ, ಪೆನ್ನು ತಗೊಳ್ಳಿ.

ಎನ್‌ಜಿಸಿ 4258 ಅನ್ನುವ ಗ್ಯಾಲಕ್ಸಿಯ ನಡುವೆ ತೆಳುವಾದ ಅನಿಲದ ತಟ್ಟೆ ಇದೆ. ಅದರಲ್ಲಿನ ನೀರಾವಿ 22 ಗಿಗಾಹರ್ಟ್ಸ್‌ನಲ್ಲಿ ಮೇಸರ್ ಆಗಿ, ಅಂದರೆ ರೇಡಿಯೊ ಅಲೆಯ ಲೇಸರ್ ಹಾಗೆ, ಪ್ರಖರವಾಗಿ ಹೊಳೆಯುತ್ತದೆ. ದೂರ ದೂರದ ರೇಡಿಯೊ ಡಿಶ್‌ಗಳನ್ನು ಜೋಡಿಸಿ ಇದನ್ನು ಅಳೆದ ಫಲಿತಾಂಶ 1995ರಲ್ಲಿ ಬಂತು. ತಟ್ಟೆಯ ಒಳ ಅಂಚಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1,080 ಕಿಲೋಮೀಟರ್. ಭೂಮಿ ಸೂರ್ಯನನ್ನು ಸುತ್ತುವುದು 30 ಕಿಲೋಮೀಟರ್ ವೇಗದಲ್ಲಿ. ಅಂದರೆ 36 ಪಟ್ಟು. ನಡುವಿನ ಭಾರ ವೇಗದ ವರ್ಗಕ್ಕೂ ದೂರಕ್ಕೂ ತಕ್ಕಂತೆ ಏರುತ್ತದೆ. ವೇಗದ ವರ್ಗ ಮಾಡಿದರೆ 1,296. ಆ ಅಂಚು ಕೇಂದ್ರದಿಂದ, ಭೂಮಿ ಸೂರ್ಯರ ನಡುವಿನ ದೂರದ ಸುಮಾರು 29,000 ಪಟ್ಟು ದೂರದಲ್ಲಿದೆ. ಎರಡನ್ನೂ ಗುಣಿಸಿ. 3.75 ಕೋಟಿ. ನಡುವೆ ಇರುವುದು ಸುಮಾರು 4 ಕೋಟಿ ಸೂರ್ಯರಷ್ಟು ಭಾರ ಅಂತ ಪರಿಣತರು ಕೊಡುವ ಲೆಕ್ಕಕ್ಕೂ ಇದಕ್ಕೂ ಎಷ್ಟು ಕಡಿಮೆ ವ್ಯತ್ಯಾಸ! ಹೈಸ್ಕೂಲು ಮಕ್ಕಳ ಹತ್ತಿರ ಇದನ್ನು ಮಾಡಿಸಿದ್ದೇನೆ. ಉತ್ತರ ಬಂದಾಗ ಅವರ ಮುಖ ನೋಡಬೇಕು.

ನಕ್ಷತ್ರ ಒಂದು ತೂಕ, ಅನಿಲ ಇನ್ನೊಂದು ತೂಕ ಹೇಳಿದರೆ ಯಾರನ್ನು ನಂಬೋದು?

ಇದೇ ನನ್ನ ಮೆಚ್ಚಿನ ಪ್ರಶ್ನೆ. ಹೀಗೆ ಆಗಿಯೇ ಆಗಿದೆ, ಎಂ87ರಲ್ಲಿ.

1994ರಲ್ಲಿ ಹಬಲ್ ಅಲ್ಲಿ ತಿರುಗುವ ಅನಿಲದ ತಟ್ಟೆ ಕಂಡಿತು. ಲೆಕ್ಕ ಹಾಕಿದರೆ ಸುಮಾರು 240 ಕೋಟಿ ಸೂರ್ಯರ ಭಾರ. ಆಮೇಲೆ ಇನ್ನೂ ಚೆನ್ನಾಗಿ ಅಳೆದು 2013ರಲ್ಲಿ ಅನಿಲದಿಂದ ಬಂದದ್ದು 350 ಕೋಟಿ. ಆದರೆ 2011ರಲ್ಲೇ ನಕ್ಷತ್ರಗಳ ಓಡಾಟ ಅಳೆದವರು 660 ಕೋಟಿ ಅಂದಿದ್ದರು. ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ! ಸಂತೆಯಲ್ಲಿ ಇಂಥ ತಕ್ಕಡಿ ಇಟ್ಟರೆ ಜನ ಸುಮ್ನೆ ಬಿಡ್ತಾರಾ?

ತೀರ್ಪು ಬೇರೆ ಕಡೆಯಿಂದ ಬಂತು. 2019ರ ಏಪ್ರಿಲ್ 10ರಂದು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಎಂ87ರ ಕಪ್ಪುಕುಳಿಯ ಸುತ್ತಲಿನ ಆ ಕಿತ್ತಳೆ ಬಳೆಯ ಚಿತ್ರ ತೋರಿಸಿತು. ಬಳೆಯ ಅಗಲದಿಂದಲೇ ಭಾರ ಲೆಕ್ಕ ಹಾಕಬಹುದು. ಬಂದದ್ದು 650 ಕೋಟಿ. ನಕ್ಷತ್ರದ ಮಾತು ಗೆದ್ದಿತು.

ಹಾಗಾದರೆ ಅನಿಲ ಸುಳ್ಳು ಹೇಳಿತಾ? ಇಲ್ಲ, ನಾವು ಕೇಳಿಸಿಕೊಂಡದ್ದು ತಪ್ಪು. ಅನಿಲ ಅಚ್ಚುಕಟ್ಟಾಗಿ ವೃತ್ತದಲ್ಲಿ ಸುತ್ತುತ್ತಿದೆ ಅಂತ ನಾವು ಅಂದುಕೊಂಡೆವು. ಆದರೆ ಎಂ87ರ ನಡುವಿಂದ ಒಂದು ದೊಡ್ಡ ಚಿಮ್ಮು (ಜೆಟ್) ಹೊರಡುತ್ತದೆ. 1918ರಲ್ಲೇ ಹೀಬರ್ ಕರ್ಟಿಸ್ ಅದನ್ನು ಒಂದು ನೇರ ಗೆರೆ ಅಂತ ಗುರುತಿಸಿದ್ದರು. ಅಂಥ ಜಾಗದಲ್ಲಿ ಅನಿಲ ಕಲಕುತ್ತದೆ, ತಳ್ಳಿಸಿಕೊಳ್ಳುತ್ತದೆ. ತಟ್ಟೆ ಎಷ್ಟು ವಾಲಿದೆ ಅನ್ನುವ ಅಂದಾಜು ತುಸು ತಪ್ಪಿದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಎನ್‌ಜಿಸಿ 4258ರ ಅನಿಲ ಶಾಂತವಾಗಿತ್ತು, ಅದಕ್ಕೇ ಅಲ್ಲಿ ಲೆಕ್ಕ ಕೈಯಲ್ಲೇ ಬಂತು.

ನಕ್ಷತ್ರದವರೂ ಬೀಗಬೇಕಿಲ್ಲ. ಗ್ಯಾಲಕ್ಸಿ ಪೂರ್ತಿ ಗುಂಡಗಿಲ್ಲ ಅನ್ನುವುದನ್ನು ಸೇರಿಸಿಕೊಂಡು 2023ರಲ್ಲಿ ಮಾಡಿದ ನಕ್ಷತ್ರದ ಲೆಕ್ಕ ಸುಮಾರು 540 ಕೋಟಿಗೆ ಇಳಿಯಿತು.

ಆಂಡ್ರೊಮಿಡಾಗೆ ಎರಡು ಹೃದಯ ಅಂತೆ, ನಿಜಾನಾ?

ಕಾಣುವುದು ಎರಡು ಚುಕ್ಕೆ ನಿಜ. 1993ರಲ್ಲಿ ಹಬಲ್ ಚಿತ್ರದಲ್ಲಿ ಅದು ಸ್ಪಷ್ಟವಾಯಿತು. ನಡುವಿನ ಅಂತರ ಅರ್ಧ ಆರ್ಕ್‌ಸೆಕೆಂಡ್, ಅಂದರೆ ಸುಮಾರು 6 ಜ್ಯೋತಿರ್ವರ್ಷ. ವಿಚಿತ್ರ ಅಂದರೆ ಜಾಸ್ತಿ ಹೊಳೆಯುವ ಚುಕ್ಕೆ ನಿಜವಾದ ಕೇಂದ್ರ ಅಲ್ಲವೇ ಅಲ್ಲ. ಮಂಕಾದದ್ದೇ ಕೇಂದ್ರ.

ಮೊದಲು ಎಲ್ಲರಿಗೂ ಬಂದ ಯೋಚನೆ, ಇದು ನುಂಗಿದ ಇನ್ನೊಂದು ಗ್ಯಾಲಕ್ಸಿಯ ಗುಂಡಿಗೆ ಅಂತ. 1995ರಲ್ಲಿ ಸ್ಕಾಟ್ ಟ್ರೆಮೇನ್ ಬೇರೆ ಉತ್ತರ ಕೊಟ್ಟರು. ನಕ್ಷತ್ರಗಳು ಒಂದೇ ಕಡೆಗೆ ಚಾಚಿದ ಉದ್ದುದ್ದ ದಾರಿಗಳಲ್ಲಿ ಸುತ್ತುತ್ತಿವೆ. ಜೋಕಾಲಿ ತುದಿಗೆ ಹೋದಾಗ ಒಂದು ಗಳಿಗೆ ನಿಂತಂತೆ ಆಗುತ್ತಲ್ಲ, ಹಾಗೆ ದೂರದ ತುದಿಯಲ್ಲಿ ನಕ್ಷತ್ರಗಳು ನಿಧಾನ ಆಗುತ್ತವೆ. ಅಲ್ಲಿ ಜನ ಸೇರಿದಂತೆ ಬೆಳಕು ಸೇರುತ್ತದೆ. ಅದೇ ಹೊಳೆಯುವ ಚುಕ್ಕೆ. ಬರೀ ಸಂಚಾರ ದಟ್ಟಣೆ!

ಇನ್ನೂ ಒಳಗೆ, ಕಪ್ಪುಕುಳಿಯ ಬುಡದಲ್ಲೇ 400ಕ್ಕೂ ಜಾಸ್ತಿ ನೀಲಿ ನಕ್ಷತ್ರಗಳ ತಟ್ಟೆ ಇದೆ ಅಂತ 2005ರಲ್ಲಿ ಗೊತ್ತಾಯಿತು. ಅಗಲ ಒಂದು ಜ್ಯೋತಿರ್ವರ್ಷದಷ್ಟು, ವಯಸ್ಸು ಸುಮಾರು 20 ಕೋಟಿ ವರ್ಷ. ಗ್ಯಾಲಕ್ಸಿಯ ಲೆಕ್ಕದಲ್ಲಿ ಎಳೆ ಕೂಸುಗಳು. 14 ಕೋಟಿ ಸೂರ್ಯರ ಭಾರದ ಪಕ್ಕದಲ್ಲಿ ಅನಿಲ ಚೂರುಚೂರಾಗದೆ ನಕ್ಷತ್ರ ಹುಟ್ಟಿದ್ದು ಹೇಗೆ ಅನ್ನುವ ಜಗಳ ಇನ್ನೂ ನಿಂತಿಲ್ಲ.

ಎಲ್ಲಾ ಗ್ಯಾಲಕ್ಸಿಯಲ್ಲೂ ಕಪ್ಪುಕುಳಿ ಇರಲೇಬೇಕಾ?

ಇಲ್ಲ. ಎಂ33 ನಮ್ಮ ಹತ್ತಿರದ್ದೇ. ಅದರ ನಡುವೆ ಬಿಗಿಯಾದ ನಕ್ಷತ್ರಗುಚ್ಛ ಇದೆ. ಆದರೆ ನಕ್ಷತ್ರಗಳ ವೇಗ ನೋಡಿದರೆ ಕಪ್ಪುಕುಳಿ ಇದ್ದರೂ ಕೆಲವೇ ಸಾವಿರ ಸೂರ್ಯರ ಭಾರ ದಾಟುವುದಿಲ್ಲ. ನಡುವೆ ನಕ್ಷತ್ರಗಳ ದೊಡ್ಡ ಉಬ್ಬು ಇರುವ ಗ್ಯಾಲಕ್ಸಿಗಳಲ್ಲಿ ಮಾತ್ರ ಇದು ಹೆಚ್ಚುಕಡಿಮೆ ಖಾಯಂ.

ಅನಿಲ ನಡುವಿಗೆ ಹೇಗೆ ಬರುತ್ತೆ? ಬಂದದ್ದನ್ನೆಲ್ಲ ಕಪ್ಪುಕುಳಿ ನುಂಗಿಬಿಡುತ್ತಾ?

ಬರುವುದೇ ಕಷ್ಟ. ಸುತ್ತುತ್ತಿರುವುದು ಸುತ್ತುತ್ತಲೇ ಇರುತ್ತದೆ, ಸುಮ್ನೆ ಒಳಗೆ ಬೀಳುವುದಿಲ್ಲ. ಯಾರಾದರೂ ಅದರ ಸುತ್ತುಬಲ ಕಸಿಯಬೇಕು. ಹಲವು ಗ್ಯಾಲಕ್ಸಿಗಳ ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿ ಇರುತ್ತದೆ. ಅದರ ಎಳೆತಕ್ಕೆ ಅನಿಲದ ಮೋಡಗಳು ಒಂದಕ್ಕೊಂದು ಬಡಿದು, ವೇಗ ಕಳೆದುಕೊಂಡು ಒಳಗೆ ಜಾರುತ್ತವೆ. ಆದರೂ ಎಷ್ಟೋ ಸಲ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಎನ್‌ಜಿಸಿ 1097ರಲ್ಲಿ ಹೀಗೆ ನಿಂತ ಅನಿಲ ಸುಮಾರು 5,000 ಜ್ಯೋತಿರ್ವರ್ಷ ಅಗಲದ ಉಂಗುರವಾಗಿ, ಅಲ್ಲೇ ಹೊಸ ನಕ್ಷತ್ರ ಹೆರುತ್ತಿದೆ.

ಬಂದ ಅನಿಲದಲ್ಲಿ ತುಂಬಾ ಪಾಲು ವಾಪಸ್ ಹೊರಗೇ ಹೋಗುತ್ತದೆ. ಕ್ಯಾರೊಲಿನ್ ಹರ್ಶೆಲ್ 1783ರಲ್ಲಿ ಕಂಡುಹಿಡಿದ ಎನ್‌ಜಿಸಿ 253ರ ನಡುವೆ ನಕ್ಷತ್ರಗಳು ರಭಸದಿಂದ ಹುಟ್ಟುತ್ತಿವೆ. ಅವುಗಳ ಶಾಖ, ಸ್ಫೋಟದ ಹೊಡೆತಕ್ಕೆ ತಣ್ಣನೆಯ ಅನಿಲ ಉಕ್ಕಿ ಹೊರಬೀಳುವುದನ್ನು ಆಲ್ಮಾ 2013ರಲ್ಲಿ ಕಂಡಿತು. ವರ್ಷಕ್ಕೆ ಸುಮಾರು ಒಂಬತ್ತು ಸೂರ್ಯರಷ್ಟು. ಉರಿ ಜಾಸ್ತಿ ಮಾಡಿದರೆ ಹಾಲು ಉಕ್ಕಿ ಒಲೆ ಆರುತ್ತಲ್ಲ, ಅದೇ ಕತೆ. ಹೊಸ ನಕ್ಷತ್ರ ಹುಟ್ಟಲು ಬೇಕಾದ ಸಾಮಾನು ಖಾಲಿಯಾಗುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನಡುವೆ ಅನಿಲ ಹೊಳೀತಿದೆ ಅಂದ್ರೆ, ಅದಕ್ಕೆ ಕಾರಣ ಹೊಸ ನಕ್ಷತ್ರಾನೋ ಕಪ್ಪುಕುಳೀನೋ ಹೇಗೆ ಗೊತ್ತಾಗುತ್ತೆ?

ಗೆರೆಗಳ ಅನುಪಾತದಿಂದ. ಹೈಡ್ರೋಜನ್ನಿಗೆ ಹೋಲಿಸಿದರೆ ಆಕ್ಸಿಜನ್ ಎಷ್ಟು, ನೈಟ್ರೋಜನ್ ಎಷ್ಟು ಅಂತ ನೋಡಬೇಕು. ಕಪ್ಪುಕುಳಿಯ ಸುತ್ತಲಿನ ಬೆಳಕು ನಕ್ಷತ್ರದ ಬೆಳಕಿಗಿಂತ ತೀಕ್ಷ್ಣ, ಅದರಲ್ಲಿ ಎಕ್ಸ್ ಕಿರಣವೂ ಇರುತ್ತದೆ. ಹಾಗಾಗಿ ಈ ಅನುಪಾತಗಳು ಏರುತ್ತವೆ. 1981ರಲ್ಲಿ ಬಾಲ್ಡ್ವಿನ್, ಫಿಲಿಪ್ಸ್, ಟೆರ್ಲೆವಿಚ್ ಮೂವರು ಹಾಕಿದ ನಕ್ಷೆ ಇವತ್ತಿಗೂ ಎಲ್ಲರ ಕೈಯಲ್ಲಿದೆ. ಎಚ್ಚರಿಕೆ ಒಂದೇ. ಬರೀ ಆಘಾತದ ಅಲೆಯಿಂದ ಬಿಸಿಯಾದ ಅನಿಲವೂ, ಮುದಿ ನಕ್ಷತ್ರಗಳು ಬೆಳಗಿಸಿದ ಅನಿಲವೂ ಕಪ್ಪುಕುಳಿಯ ವೇಷ ಹಾಕಬಲ್ಲವು.

ಎನ್‌ಜಿಸಿ 1068 ಬಗ್ಗೆ ಎಲ್ಲಾ ಕಡೆ ಓದ್ತೀವಿ. ಅದರಲ್ಲೇನು ವಿಶೇಷ?

1908ರಲ್ಲಿ ಎಡ್ವರ್ಡ್ ಫಾತ್ ಇದರ ರೋಹಿತದಲ್ಲಿ ಹೊಳೆಯುವ ಗೆರೆ ಕಂಡರು. 1943ರಲ್ಲಿ ಕಾರ್ಲ್ ಸೀಫರ್ಟ್ ಇಂಥ ಕೆಲವು ಗ್ಯಾಲಕ್ಸಿಗಳನ್ನು ಒಟ್ಟಿಗೆ ಸೇರಿಸಿ ಬರೆದರು. ಅವುಗಳಲ್ಲಿ ಎರಡು ಜಾತಿ ಅಂತ ಆಮೇಲೆ ವಿಂಗಡಿಸಿದರು. ಒಂದರಲ್ಲಿ ಗೆರೆ ತುಂಬಾ ಅಗಲ, ಅಂದರೆ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿದೆ. ಇನ್ನೊಂದರಲ್ಲಿ ಗೆರೆ ಕಿರಿದು. ಎನ್‌ಜಿಸಿ 1068 ಕಿರಿದು ಗೆರೆಯ ಜಾತಿ.

1985ರಲ್ಲಿ ಆಂಟೊನುಚ್ಚಿ ಮತ್ತು ಮಿಲ್ಲರ್ ಅದರ ಬೆಳಕಿನಲ್ಲಿ ಧ್ರುವೀಕರಣಗೊಂಡ, ಅಂದರೆ ಒಂದೇ ದಿಕ್ಕಿನಲ್ಲಿ ಅಲೆಯಾಡುವ ಪಾಲನ್ನು ಮಾತ್ರ ಸೋಸಿ ನೋಡಿದರು. ಅಲ್ಲಿ ಅಗಲ ಗೆರೆ ಅಡಗಿತ್ತು! ದೂಳಿನ ದಪ್ಪ ಸಿಂಬಿಯೊಂದು ನೇರ ನೋಟಕ್ಕೆ ಅಡ್ಡ ಕೂತಿದೆ. ಒಳಗಿನ ಬೆಳಕು ಮೇಲಿನ ಅನಿಲಕ್ಕೆ ತಾಗಿ ಚದುರಿ ನಮ್ಮ ಕಡೆ ಬರುತ್ತದೆ. ಕೋಣೆಯ ಬಾಗಿಲು ಕಾಣದಿದ್ದರೂ ಎದುರು ಗೋಡೆಯ ಮೇಲೆ ದೀಪದ ಬೆಳಕು ಬಿದ್ದದ್ದು ಕಂಡ ಹಾಗೆ. ಎರಡು ಜಾತಿ ಅಂದುಕೊಂಡದ್ದರಲ್ಲಿ ಬಹಳಷ್ಟು, ಒಂದೇ ವಸ್ತುವನ್ನು ಎರಡು ಕೋನದಿಂದ ನೋಡಿದ್ದು ಅಷ್ಟೇ.

ಬಿಡಿ ನಕ್ಷತ್ರ ಕಾಣದಿದ್ದಾಗ ಅವುಗಳ ವಯಸ್ಸು ಹೇಗೆ ಹೇಳ್ತೀರಿ?

ಸಾರು ಬಾಯಿಗಿಟ್ಟು ಯಾವ ಮಸಾಲೆ ಎಷ್ಟು ಅಂತ ಅಜ್ಜಿ ಹೇಳ್ತಾರಲ್ಲ, ಹಾಗೆ. ಬೇರೆ ಬೇರೆ ವಯಸ್ಸಿನ ನಕ್ಷತ್ರಗುಂಪಿನ ರೋಹಿತಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಯಾವ ಪ್ರಮಾಣದಲ್ಲಿ ಬೆರೆಸಿದರೆ ಕಂಡ ರೋಹಿತ ಬರುತ್ತದೆ ಅಂತ ಕಂಪ್ಯೂಟರ್ ಹುಡುಕುತ್ತದೆ. ಮೋಸ ಇಲ್ಲೇ. ನಕ್ಷತ್ರಗಳಿಗೆ ವಯಸ್ಸಾದರೂ ಬೆಳಕು ಕೆಂಪಾಗುತ್ತದೆ, ಲೋಹದ ಅಂಶ ಜಾಸ್ತಿಯಾದರೂ ಕೆಂಪಾಗುತ್ತದೆ, ದೂಳು ಅಡ್ಡ ಬಂದರೂ ಕೆಂಪಾಗುತ್ತದೆ. ಯಾರಾದರೂ ಒಂದೇ ಒಂದು ವಯಸ್ಸು ಖಡಾಖಂಡಿತವಾಗಿ ಹೇಳಿದರೆ ನಾನು ಅರ್ಧ ಮಾತ್ರ ನಂಬುತ್ತೇನೆ.

ನಮ್ಮ ಕಡೆ ಯಾರಾದರೂ ಈ ಕೆಲಸ ಮಾಡ್ತಾರಾ?

ಮಾಡುತ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಗೋಳ ಭೌತ ಸಂಸ್ಥೆ ಇದೆ. ಅದರ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಮಾತ್ರ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಹೊರಗೆ ರಾಗಿ ಹೊಲ, ಪರದೆಯ ಮೇಲೆ ಲಡಾಖಿನ ಆಕಾಶ! 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ಟೆಲಿಸ್ಕೋಪನ್ನು ಕಟ್ಟಿದ್ದೂ ಇದೇ ಸಂಸ್ಥೆಯ ಮುಂದಾಳತ್ವದಲ್ಲಿ. ಬಿಸಿ ಎಳೆ ನಕ್ಷತ್ರಗಳನ್ನು ಹುಡುಕಲು ಅದು ಹೇಳಿ ಮಾಡಿಸಿದ್ದು.

ನಾನು ಬಿಎಸ್ಸಿ ವಿದ್ಯಾರ್ಥಿ. ಟೆಲಿಸ್ಕೋಪ್ ಇಲ್ಲ. ಮನೆಯಲ್ಲೇ ಕೂತು ಏನಾದರೂ ಮಾಡಬಹುದಾ?

ಖಂಡಿತ. ಹಬಲ್, ಮ್ಯೂಸ್, ಆಲ್ಮಾ ಹಿಡಿದ ಡೇಟಾ ಸ್ವಲ್ಪ ಕಾಲದ ನಂತರ ಎಲ್ಲರಿಗೂ ಉಚಿತ. ನೋಡಲು ಡಿಎಸ್9 ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಲೆಕ್ಕಕ್ಕೆ ಪೈಥಾನ್. ಕ್ಯೂಬ್ ಫೈಲು ಹಲವು ಜಿಬಿ ಇರುತ್ತದೆ, ಕಾಲೇಜಿನ ವೈಫೈ ಹಿಡಿಯಿರಿ.

ಮೊದಲ ದಿನ ಇಷ್ಟು ಮಾಡಿ. ಒಂದು ಸುರುಳಿ ಗ್ಯಾಲಕ್ಸಿಯ ಮ್ಯೂಸ್ ಕ್ಯೂಬ್ ತೆರೆಯಿರಿ. ಅದು ಸೆಕೆಂಡಿಗೆ 1,000 ಕಿಲೋಮೀಟರ್ ವೇಗದಲ್ಲಿ ದೂರ ಹೋಗುತ್ತಿದ್ದರೆ ಹೈಡ್ರೋಜನ್ನಿನ ಕೆಂಪು ಗೆರೆ 656.3ರ ಬದಲು 658.5 ನ್ಯಾನೊಮೀಟರ್ ಹತ್ತಿರ ಇರುತ್ತದೆ. ಅಲ್ಲಿಂದ ಹತ್ತು ಪದರ ಹಿಂದೆ ಹೋಗಿ, ಪದರ ಬದಲಿಸುವ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಬನ್ನಿ. ಮೊದಲು ಕತ್ತಲು. ಆಮೇಲೆ ಗ್ಯಾಲಕ್ಸಿಯ ಒಂದು ಬದಿಯಲ್ಲಿ ದೀಪ ಹತ್ತಿಕೊಳ್ಳುತ್ತದೆ. ಬೆಳಕು ಮೆಲ್ಲಗೆ ನಡುವಿಗೆ ಸರಿಯುತ್ತದೆ, ಇನ್ನೊಂದು ಬದಿಗೆ ದಾಟುತ್ತದೆ, ಆರುತ್ತದೆ. ಸ್ಲೈಫರ್ ಕಂಡದ್ದು ಇದನ್ನೇ.